‘ಥಿಂಕ್ ಟ್ಯಾಂಕ್’ ಅನ್ನು ಚಾವಡಿ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಬರೆಯುತ್ತಿದ್ದೇನೆ. ಸ್ವಲ್ಪ ಅವಸರವೂ ಇದೆ. ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಊರು. ಇಲ್ಲಿನ ವಾಚನಾಲಯದಲ್ಲಿ ಬರುವ ತಿಂಗಳು ಒಂದು ಮಾತುಕತೆ ಇಟ್ಟುಕೊಂಡಿದ್ದೇವೆ. ಮಾತಾಡುವವಳು ನನ್ನ ಹಳೆಯ ವಿದ್ಯಾರ್ಥಿನಿ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವಳು. ಈಗ ದೆಹಲಿಯಲ್ಲಿ, ದೇಶದ ಭದ್ರತೆ ಮತ್ತು ವಿದೇಶಾಂಗ ನೀತಿಯ ಬಗ್ಗೆ ಅಧ್ಯಯನ ಮಾಡುವ ಒಂದು ಸ್ವತಂತ್ರ ಸಂಸ್ಥೆಯಲ್ಲಿದ್ದಾಳೆ. ಇಂಗ್ಲಿಷಿನಲ್ಲಿ ಅಂಥದ್ದಕ್ಕೆ ಥಿಂಕ್ ಟ್ಯಾಂಕ್ ಅನ್ನುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ ಅವಳ ಹೆಸರಿನ ಕೆಳಗೆ ಏನು ಬರೆಯಬೇಕು? ನನ್ನ ಪ್ರಶ್ನೆ ಇಷ್ಟೇ.

ಮೊದಲು ನೆನಪಿಗೆ ಬಂದದ್ದು ‘ಚಿಂತಕರ ಚಾವಡಿ’. ಅದನ್ನೇ ಬರೆದು ಕರಡನ್ನು ವಾಚನಾಲಯದ ಅಧ್ಯಕ್ಷರಿಗೆ ತೋರಿಸಿದೆ. ಅವರನ್ನು ನಾವೆಲ್ಲ ಅಣ್ಣ ಅಂತಲೇ ಕರೆಯುವುದು. ಓದಿದವರೇ ಕನ್ನಡಕ ತೆಗೆದು, “ಇವಳು ಯಾವಾಗ ಎಂಎಲ್‌ಸಿ ಆದದ್ದು?” ಎಂದು ಕೇಳಿದರು. ಅವರು ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ಅವರು ದಿನಾ ಓದುವುದು ಮಂಗಳೂರಿನಿಂದ ಬರುವ ಕನ್ನಡ ಪತ್ರಿಕೆ. ಕರ್ನಾಟಕದ ಪತ್ರಿಕೆಗಳಿಗೆ ಚಿಂತಕರ ಚಾವಡಿ ಅಂದರೆ ವಿಧಾನ ಪರಿಷತ್ತು. ಕೇರಳದಲ್ಲಿ ಇರುವುದು ವಿಧಾನಸಭೆ ಮಾತ್ರ, ಪರಿಷತ್ತು ಇಲ್ಲ. ಹಾಗಾಗಿ ಇಲ್ಲಿನ ಶಾಲೆಯ ಮಕ್ಕಳಿಗೆ ಆ ಅರ್ಥ ಹೊಳೆಯುವುದೇ ಇಲ್ಲ. ಇನ್ನು 2015ರಲ್ಲಿ ನೀತಿ ಆಯೋಗ ಬಂದ ಮೇಲೆ ಅದಕ್ಕೂ ‘ಕೇಂದ್ರದ ಚಿಂತಕರ ಚಾವಡಿ’ ಎಂದು ಬರೆಯುತ್ತಾರೆ. ಒಂದು ಶಾಸನಸಭೆ, ಒಂದು ಸರ್ಕಾರಿ ಆಯೋಗ, ಒಂದು ಸ್ವತಂತ್ರ ಅಧ್ಯಯನ ಸಂಸ್ಥೆ. ಮೂರಕ್ಕೂ ಒಂದೇ ಹೆಸರಾದರೆ ಓದುವವರು ಏನು ತಿಳಿದುಕೊಳ್ಳಬೇಕು?

ಚಾವಡಿ ಎಂಬ ಪದ ನನಗೆ ತುಂಬ ಇಷ್ಟ. ಅದಕ್ಕೇ ಅದನ್ನು ಸುಮ್ನೆ ಬಿಡಲು ಮನಸ್ಸಿಲ್ಲ. ನನ್ನ ಅಜ್ಜನ ಮನೆಯಲ್ಲಿ ಚಾವಡಿ ಇತ್ತು. ಅಂಗಳದಿಂದ ಮೂರು ಮೆಟ್ಟಿಲು ಹತ್ತಿದರೆ ಕೆಂಪು ಕಾವಿಯ ನೆಲ, ಎರಡು ಮರದ ಕಂಬ, ಗೋಡೆಗೆ ತಾಗಿದ ಉದ್ದ ಬೆಂಚು. ಅಜ್ಜ ಕೂರುವ ಜಾಗದ ಕಂಬದಲ್ಲಿ ಅವರು ಬೆನ್ನು ಒರಗಿಸುತ್ತಿದ್ದ ಕಡೆ ಎಣ್ಣೆ ಹಚ್ಚಿದಷ್ಟು ನುಣುಪಾಗಿತ್ತು. ಅಡಿಕೆ ತೋಟದ ಗಡಿ, ತೋಡಿಗೆ ಹಾಕಿದ ಕಟ್ಟದ ನೀರಿನ ಸರದಿ, ಮದುವೆಯ ಮಾತು, ಎಲ್ಲ ಅಲ್ಲೇ. ಎಲೆ ಅಡಿಕೆಯ ಹರಿವಾಣ ಒಂದು ಸುತ್ತು ಬಂದ ಮೇಲೆ ಮಾತು ಶುರು. ಎಲ್ಲರೂ ಮಾತಾಡುತ್ತಿದ್ದರು. ಆದರೆ ಕೊನೆಯ ಮಾತು ಆ ಕಂಬಕ್ಕೆ ಒರಗಿದವರದ್ದೇ. ತುಳುನಾಡಿನ ಗುತ್ತಿನ ಮನೆಗಳ, ಅಂದರೆ ಊರಿನ ಹಿರಿಯ ಮನೆತನಗಳ, ಚಾವಡಿ ಇನ್ನೂ ದೊಡ್ಡದು, ಅಲ್ಲಿನ ಮಾತಿಗೆ ತೂಕವೂ ಜಾಸ್ತಿ.

ಬೇರೆ ಗಡಿಗಳ ಕಡೆ ನೋಡಿದರೂ ಹೆಚ್ಚು ಕಡಿಮೆ ಇದೇ ಕಥೆ. ಜತ್ತ, ಅಕ್ಕಲಕೋಟೆ ಕಡೆಯ ಗೆಳೆಯರಿಗೆ ಗೊತ್ತಿರುತ್ತದೆ, ಮರಾಠಿಯಲ್ಲೂ ‘ಚಾವಡಿ’ ಇದೆ. ಅಲ್ಲಿ ಅದು ಊರಿನ ಸರ್ಕಾರಿ ಕಟ್ಟೆ, ಕಂದಾಯದ ಲೆಕ್ಕ ನಡೆಯುವ ಜಾಗ. ಹೊಸೂರಿನಿಂದ ಕೃಷ್ಣಗಿರಿ ಕಡೆ ಹೋದರೆ ಹೆದ್ದಾರಿಯ ಟೋಲ್ ಗೇಟಿಗೆ ತಮಿಳಿನಲ್ಲಿ ‘ಸುಂಗಚ್ಚಾವಡಿ’ ಅನ್ನುತ್ತಾರೆ, ಅಂದರೆ ನಮ್ಮ ಸುಂಕದ ಚಾವಡಿ. ಮತ ಹಾಕುವ ಬೂತು ‘ವಾಕ್ಕುಚ್ಚಾವಡಿ’. ನಮ್ಮಲ್ಲೂ ಹಿಂದೆ ಶಾನುಭೋಗರ ಚಾವಡಿ ಎನ್ನುತ್ತಿದ್ದರು. ಎಲ್ಲ ಕಡೆ ಅದು ಅಧಿಕಾರ ಇರುವವರು ಕೂರುವ ಜಾಗ, ಇಲ್ಲವೇ ಅಧಿಕಾರದ ಕೆಲಸ ನಡೆಯುವ ಜಾಗ. ಸುಂಕ ಕಟ್ಟು, ಕಂದಾಯ ಕೊಡು, ತೀರ್ಮಾನ ಕೇಳು.

ನನ್ನ ಅನುಮಾನ ಇಲ್ಲೇ ಇದೆ. ಹುಡುಗಿಗೆ ಫೋನ್ ಮಾಡಿ, “ನೀನು ಅಲ್ಲಿ ದಿನಾ ಎಂತ ಮಾಡುವುದು?” ಎಂದು ಕೇಳಿದೆ. ಅವಳು ಬಿಡಿಸಿ ಹೇಳಿದಳು. ಹಿಂದೂ ಮಹಾಸಾಗರದ ಬಂದರುಗಳ ಬಗ್ಗೆ ಅವಳ ಕೆಲಸ. ಯಾವ ಬಂದರಿಗೆ ಯಾವ ದೇಶ ಸಾಲ ಕೊಟ್ಟಿದೆ, ಕರಾರು ಎಷ್ಟು ವರ್ಷದ್ದು, ಯಾರ ಹಡಗು ಬಂದು ನಿಲ್ಲುತ್ತದೆ. ಎಲ್ಲವನ್ನೂ ಹುಡುಕಿ, ಒಂದಕ್ಕೊಂದು ತಾಳೆ ನೋಡಿ, ನಾಲ್ಕು ಪುಟದ ಟಿಪ್ಪಣಿ ಬರೆಯುವುದು. ಆ ನಾಲ್ಕು ಪುಟಕ್ಕೆ ಎರಡು ತಿಂಗಳು ಹಿಡಿಯುತ್ತದಂತೆ. ಅದನ್ನು ನಿವೃತ್ತ ಅಧಿಕಾರಿಗಳ ಮುಂದೆ, ಪತ್ರಕರ್ತರ ಮುಂದೆ ಇಟ್ಟು ಚರ್ಚೆ ಮಾಡುವುದು. ಆಮೇಲೆ ಪ್ರಕಟಿಸುವುದು. ಕೊನೆಗೆ ಅವಳು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದುಕೊಂಡಿದೆ: “ನಾವು ತೀರ್ಮಾನ ಮಾಡುವವರಲ್ಲ ಟೀಚರ್. ತೀರ್ಮಾನ ಮಾಡುವವರಿಗೆ ಗೊತ್ತಿರಲಿ ಅಂತ ಬರೆಯುವವರು.”

ಹಾಗಾದರೆ ಅದು ಚಾವಡಿ ಹೇಗಾಗುತ್ತದೆ? ಕಂಬಕ್ಕೆ ಒರಗಿ ಕೊನೆಯ ಮಾತು ಹೇಳುವವರು ಅಲ್ಲಿ ಇಲ್ಲ. ಅಲ್ಲಿರುವುದು ಓದು, ಲೆಕ್ಕ, ಬರಹ.

ಇಂಗ್ಲಿಷ್ ಪದದ ಹಿನ್ನೆಲೆ ನೋಡಿದರೂ ಅಂಥ ದೊಡ್ಡ ಆಧಾರ ಸಿಗುವುದಿಲ್ಲ. ಥಿಂಕ್ ಟ್ಯಾಂಕ್ ಎಂಬುದು ಮೊದಲು ‘ತಲೆ’, ‘ಮಿದುಳು’ ಎಂಬ ಅರ್ಥದ ಆಡುಮಾತು. ಸಂಸ್ಥೆ ಎಂಬ ಅರ್ಥ ಗಟ್ಟಿಯಾದದ್ದು ಎರಡನೇ ಮಹಾಯುದ್ಧ ಮುಗಿದ ಎಷ್ಟೋ ಸಮಯದ ಮೇಲೆ. ಅಮೆರಿಕದ ರ್ಯಾಂಡ್ ಸಂಸ್ಥೆ ಮೊದಲು ಒಂದು ವಿಮಾನ ಕಂಪನಿಯ ಒಳಗೆ ವಾಯುಪಡೆಗಾಗಿ ಶುರುವಾದ ಯೋಜನೆ. 1948ರಲ್ಲಿ ಬೇರೆಯಾಗಿ ನಿಂತಿತು. ಆ ಬಗೆಯ ಸಂಸ್ಥೆಗಳಿಂದ ಪದ ಹರಡಿತು. ಕೆಲಸ ಮಾತ್ರ ಪದಕ್ಕಿಂತ ತುಂಬ ಹಳೆಯದು. ಲಂಡನ್ನಿನ ರಕ್ಷಣಾ ಅಧ್ಯಯನ ಸಂಸ್ಥೆ ರೂಸಿ ಹುಟ್ಟಿದ್ದು 1831ರಲ್ಲಿ. ದೆಹಲಿಯ ಸಪ್ರೂ ಹೌಸಿನಲ್ಲಿರುವ ವಿಶ್ವ ವ್ಯವಹಾರಗಳ ಭಾರತೀಯ ಪರಿಷತ್ತು 1943ರದ್ದು. ರಕ್ಷಣಾ ಅಧ್ಯಯನ ಮತ್ತು ವಿಶ್ಲೇಷಣಾ ಸಂಸ್ಥೆ 1965ರದ್ದು, ಈಗ ಅದಕ್ಕೆ ಮನೋಹರ್ ಪರಿಕ್ಕರ್ ಅವರ ಹೆಸರಿದೆ. ಸ್ವೀಡನ್ನಿನ ಸಿಪ್ರಿ 1966ರದ್ದು, ಅದರ ಹೆಸರಿನಲ್ಲಿರುವುದು ‘ಶಾಂತಿ ಸಂಶೋಧನೆ’. ಗಮನಿಸಿ, ಇವರಲ್ಲಿ ಯಾರೂ ತಮ್ಮ ಹೆಸರಿನಲ್ಲಿ ಥಿಂಕ್ ಟ್ಯಾಂಕ್ ಎಂದು ಹಾಕಿಕೊಂಡಿಲ್ಲ. ಅಧ್ಯಯನ, ಸಂಶೋಧನೆ, ಪರಿಷತ್ತು ಎಂದೇ ಹಾಕಿಕೊಂಡಿದ್ದಾರೆ. ನಾವು ಮಾತ್ರ ಆ ಅಡ್ಡಹೆಸರನ್ನು ಅನುವಾದ ಮಾಡಲು ಕಷ್ಟಪಡುತ್ತಿದ್ದೇವೆ.

ಥಿಂಕ್ ಟ್ಯಾಂಕ್ ಎಂದೇ ಇಟ್ಟುಬಿಡಿ, ಮಲಯಾಳದವರು ಹಾಗೇ ಬರೆಯುತ್ತಾರಲ್ಲ ಎಂದು ಸಮಿತಿಯಲ್ಲಿ ಒಬ್ಬರು ಹೇಳಿದರು. ಆದರೆ ನಮ್ಮಲ್ಲಿ ಟ್ಯಾಂಕ್ ಅಂದರೆ ತಾರಸಿಯ ಮೇಲಿನ ನೀರಿನ ಟ್ಯಾಂಕ್. ಪಕ್ಕದಲ್ಲೇ ‘ಭದ್ರತೆ’ ಎಂದಿದ್ದರೆ ಸೈನ್ಯದ ಟ್ಯಾಂಕ್. ಅವಳ ದೊಡ್ಡಮ್ಮನಿಗಂತೂ ಅವಳು ಗುಪ್ತಚರ ಇಲಾಖೆಯಲ್ಲಿದ್ದಾಳೆ ಎಂಬ ಭಯ ಇನ್ನೂ ಹೋಗಿಲ್ಲ. ಯಾರಾದರೂ ಕೇಳಿದರೆ ದನಿ ತಗ್ಗಿಸಿ ಮಾತಾಡುತ್ತಾರೆ. ನಿಜಕ್ಕೂ ಇಂಥ ಸಂಸ್ಥೆಗಳ ಕೆಲಸ ಹೆಚ್ಚಾಗಿ ಬಹಿರಂಗವಾಗಿ ಸಿಗುವ ಮಾಹಿತಿಯ ಮೇಲೆ. ಯಾವ ದೇಶ ಯಾವ ದೇಶಕ್ಕೆ ಯಾವ ಆಯುಧ ಮಾರಿತು ಎಂದು ಸಿಪ್ರಿ ಕೊಡುವ ಲೆಕ್ಕವೂ ಬಹಿರಂಗ ಮೂಲಗಳಿಂದ ಕೂಡಿಸಿದ್ದೇ. ಆ ದೊಡ್ಡಮ್ಮನಿಗೆ ಸಮಾಧಾನ ಕೊಡುವಂಥ ಪದ ಬೇಕು ನನಗೆ.

ಇನ್ನೊಂದು ತೊಡಕು ‘ಸ್ವತಂತ್ರ’ದ್ದು. ಪರಿಕ್ಕರ್ ಸಂಸ್ಥೆಗೆ ದುಡ್ಡು ರಕ್ಷಣಾ ಸಚಿವಾಲಯದಿಂದ ಬರುತ್ತದೆ. ಅದನ್ನು ‘ಸ್ವಾಯತ್ತ’ ಅನ್ನುವುದು ಸರಿ. ಸಿಪ್ರಿಗೂ ಸ್ವೀಡನ್ ಸರ್ಕಾರದ ನೆರವು ದೊಡ್ಡದು, ಆದರೂ ಅದು ತನ್ನನ್ನು ಸ್ವತಂತ್ರ ಸಂಸ್ಥೆ ಅನ್ನುತ್ತದೆ. ಅಂದರೆ ಇಲ್ಲಿ ಸ್ವತಂತ್ರ ಎಂದರೆ ‘ಯಾರ ದುಡ್ಡೂ ಇಲ್ಲದ’ ಎಂದಲ್ಲ, ‘ಏನು ಬರೆಯಬೇಕು ಎಂದು ಬೇರೆಯವರು ಹೇಳದ’ ಎಂದು. ಕನ್ನಡದಲ್ಲಿ ಸ್ವತಂತ್ರ, ಸ್ವಾಯತ್ತ ಎರಡನ್ನೂ ಒಂದರ ಬದಲಿಗೆ ಒಂದು ಬಳಸುವುದನ್ನು ಕಾಣುತ್ತೇನೆ. ಅದು ತಪ್ಪು ಎಂದೇ ನನಗನಿಸುತ್ತದೆ. ಆಡಳಿತಕ್ಕೆ ಸ್ವಾಯತ್ತ, ಅಭಿಪ್ರಾಯಕ್ಕೆ ಸ್ವತಂತ್ರ ಎಂದು ಬೇರೆ ಬೇರೆ ಇಟ್ಟುಕೊಂಡರೆ ಹೇಗೆ?

ನಮ್ಮ ಕಡೆಯವರಿಗೆ ಮಾತ್ರ ಇರುವ ಕಷ್ಟವೂ ಒಂದಿದೆ. ಮಲಯಾಳದಲ್ಲಿ ರಕ್ಷಣಾ ಮಂತ್ರಿ ಅಂದರೆ ‘ಪ್ರತಿರೋಧ ಮಂತ್ರಿ’. ಕನ್ನಡದಲ್ಲಿ ಪ್ರತಿರೋಧ ಅಂದರೆ ಎದುರು ನಿಲ್ಲುವುದು. ಮಲಯಾಳದ ‘ನಯ’ ಅಂದರೆ ನೀತಿ, ವಿದೇಶನಯ ಅಂದರೆ ವಿದೇಶಾಂಗ ನೀತಿ. ನಮಗೆ ನಯ ಅಂದರೆ ನಯವಿನಯದ ನಯ, ಇಲ್ಲವೇ ನುಣುಪು. ಅಲ್ಲಿ ‘ಚಿಂತ’ ಅಂದರೆ ಬರೀ ಯೋಚನೆ. ನಮಗೆ ಚಿಂತೆ ಅಂದರೆ ರಾತ್ರಿ ನಿದ್ದೆ ಕೆಡಿಸುವಂಥದ್ದು. ಎರಡೂ ಭಾಷೆ ಕಿವಿಗೆ ಬೀಳುವ ಮಕ್ಕಳು ಉತ್ತರಪತ್ರಿಕೆಯಲ್ಲಿ ‘ಭಾರತದ ಪ್ರತಿರೋಧ ನಯ’ ಎಂದು ಬರೆದದ್ದನ್ನು ನಾನೇ ತಿದ್ದಿದ್ದೇನೆ. ಮಗುವಿಗೆ ವಿಷಯ ಗೊತ್ತಿತ್ತು. ಪದ ಮಾತ್ರ ಗಡಿ ದಾಟಿತ್ತು. ಅಂಕ ಕಳೆಯಲು ಕೈ ಬರಲಿಲ್ಲ.

ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ ಎಂದು ಕೇಳಬಹುದು. ಆ ದಿನ ಮುಂದೆ ಕೂರುವವರು ಯಾರು ಎಂದು ನನಗೆ ಗೊತ್ತು. ಈ ಜಿಲ್ಲೆಯಲ್ಲಿ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಹುಡುಕುವುದು ಕಷ್ಟ. 1990ರಲ್ಲಿ ಕುವೈತಿನ ಮೇಲೆ ಇರಾಕ್ ದಾಳಿ ಮಾಡಿದಾಗ ಮಗನ ಸುದ್ದಿಗೆ ರೇಡಿಯೋ ಹತ್ತಿರ ಕೂತಿದ್ದ ತಾಯಂದಿರು ನಮ್ಮೂರಲ್ಲಿ ಇನ್ನೂ ಇದ್ದಾರೆ. 2015ರಲ್ಲಿ ಯೆಮೆನ್‌ನಿಂದ ನಮ್ಮವರನ್ನು ಹಡಗಿನಲ್ಲಿ, ವಿಮಾನದಲ್ಲಿ ಕರೆತಂದದ್ದೂ ನೆನಪಿದೆ. ವಿದೇಶಾಂಗ ನೀತಿ ಅವರಿಗೆ ದೆಹಲಿಯ ವಿಷಯವಲ್ಲ, ಅಡುಗೆಮನೆಯ ವಿಷಯ. ಆಮಂತ್ರಣ ನೋಡಿ ‘ಇದು ನಮಗಲ್ಲ’ ಎಂದು ಅವರು ಮಡಚಿ ಇಡಬಾರದು.

ಸದ್ಯಕ್ಕೆ ನಾನು ಬರೆದಿರುವುದು ಹೀಗೆ: ‘ಭದ್ರತೆ ಮತ್ತು ವಿದೇಶಾಂಗ ನೀತಿಯ ಸ್ವತಂತ್ರ ಅಧ್ಯಯನ ಕೇಂದ್ರದಲ್ಲಿ ಸಂಶೋಧಕಿ’. ಉದ್ದ ಆಯಿತು, ಒಪ್ಪುತ್ತೇನೆ. ಮಾತಿನಲ್ಲಿ ಬಳಸಲು ‘ನೀತಿ ಅಧ್ಯಯನ ಕೇಂದ್ರ’ ಸಾಕು ಅನಿಸುತ್ತದೆ. ‘ಚಿಂತನಾಗಾರ’ ಎಂದು ಒಬ್ಬರು ಸೂಚಿಸಿದರು. ಕಾರಾಗಾರ ನೆನಪಾಯಿತು, ಬಿಟ್ಟೆ.

ಚಾವಡಿಗೂ ಒಂದು ಜಾಗ ಉಳಿಸಬಹುದು ಎಂಬ ಆಸೆ ಇದೆ. ಲಂಡನ್ನಿನ ಚಾಥಮ್ ಹೌಸ್ ಕೂಡ ವಿದೇಶಾಂಗ ವಿಷಯಗಳ ಇಂಥದ್ದೇ ಒಂದು ಅಧ್ಯಯನ ಸಂಸ್ಥೆ. ಅಲ್ಲಿ 1927ರಿಂದ ಒಂದು ನಿಯಮ ಇದೆ. ಅಲ್ಲಿ ಕೇಳಿದ್ದನ್ನು ಹೊರಗೆ ಬಳಸಬಹುದು, ಆದರೆ ಯಾರು ಹೇಳಿದ್ದು ಎಂದು ಹೇಳುವಂತಿಲ್ಲ. ಈಗ ಜಗತ್ತಿನ ಎಷ್ಟೋ ಸಂಸ್ಥೆಗಳು ಅದನ್ನು ಪಾಲಿಸುತ್ತವೆ. ಹುಡುಗಿ ಇದನ್ನು ಹೇಳಿದಾಗ ನನಗೆ ಅಜ್ಜನ ಚಾವಡಿಯೇ ಕಣ್ಣಿಗೆ ಬಂತು. ಅಲ್ಲಿ ಕಾಫಿ ಕೊಡಲು ಹೋದ ನಮಗೆ ಅಜ್ಜಿ ಹೇಳುತ್ತಿದ್ದದ್ದು, “ಕೇಳಿದ್ದು ಕೇಳಿದ ಹಾಗೆ ಇರಲಿ, ಇಂಥವರು ಹೇಳಿದ್ದು ಅಂತ ಹೊರಗೆ ಹೇಳಬೇಡಿ.” ಹಾಗಾದರೆ ಹೇಳಿದವರ ಹೆಸರು ಹೊರಗೆ ಬಿಟ್ಟುಕೊಡದ ಇಂಥ ಚರ್ಚೆಗೆ ‘ಚಾವಡಿ ಮಾತು’ ಎನ್ನಬಹುದಲ್ವಾ? ಸಂಸ್ಥೆಗೆ ಅಧ್ಯಯನ ಕೇಂದ್ರ, ಅಲ್ಲಿ ಬಾಗಿಲು ಹಾಕಿಕೊಂಡು ನಡೆಯುವ ಮಾತಿಗೆ ಚಾವಡಿ.

ಈಗ ನಿಮ್ಮಿಂದ ತಿಳಿಯಬೇಕಾದದ್ದು. ನಿಮ್ಮೂರಿನಲ್ಲಿ ಚಾವಡಿ ಅಂದರೆ ಇವತ್ತು ಏನು? ಮನೆಯ ಭಾಗವೋ, ಊರಿನ ಕಟ್ಟಡವೋ, ಬರೀ ಪತ್ರಿಕೆಯ ಪದವೋ? ಆದೋನಿ, ಮಡಕಶಿರಾ ಕಡೆಯವರು ಇದ್ದರೆ ತೆಲುಗಿನ ಚಾವಡಿಗೆ ಅಲ್ಲಿ ಯಾವ ಅರ್ಥ ಬಳಕೆಯಲ್ಲಿದೆ ಎಂದು ದಯವಿಟ್ಟು ಬರೆಯಿರಿ. ಕೆಲವು ಪತ್ರಿಕೆಗಳಲ್ಲಿ ‘ಛಾವಡಿ’ ಎಂದು ಮಹಾಪ್ರಾಣ ಹಾಕುತ್ತಾರೆ. ಅದಕ್ಕೆ ಏನಾದರೂ ಆಧಾರ ಇದೆಯೇ? ನಮ್ಮ ಕಡೆ ಯಾರೂ ಹಾಗೆ ಉಚ್ಚರಿಸುವುದನ್ನು ಕೇಳಿಲ್ಲ.

ಶುಕ್ರವಾರ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು. ಅದಕ್ಕೆ ಮೊದಲು ಉತ್ತರ ಬಂದರೆ ತಿದ್ದುತ್ತೇನೆ.