ವಿಷಯ: ಜಪಾನಿ ಕತೆಯ ‘ಚರಾಯ್’ ಹುಡುಗನಿಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಬೆಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಜಪಾನಿನ ಒಂದು ಪ್ರೇಮಕತೆ, ಮಾಂಗಾ ಅಂದರೆ ಚಿತ್ರಕತೆ, ಕನ್ನಡಕ್ಕೆ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪುಟಗಳು ಅಚ್ಚಿಗೆ ಹೋಗಬೇಕು. ಹುಡುಗ ಹೈಸ್ಕೂಲಿನ ಎರಡನೇ ವರ್ಷದಲ್ಲಿದ್ದಾನೆ. ಕೂದಲಿಗೆ ಕಂದು ಬಣ್ಣ, ಸಡಿಲ ಟೈ, ಕಿವಿಯಲ್ಲೊಂದು ಒಂಟಿ. ಎದುರು ಸಿಕ್ಕ ಹುಡುಗಿಯರನ್ನೆಲ್ಲ ಮಾತಾಡಿಸುತ್ತಾನೆ. ನಾಯಕಿ ಅವನನ್ನು ನೋಡಿ ಒಂದೇ ಮಾತು ಹೇಳುತ್ತಾಳೆ: ‘ಚರಾಯ್’. ‘ಪೋಲಿ’ ಅಂತ ಹಾಕಿದ್ದೆ, ಮನಸ್ಸು ಒಪ್ಪುತ್ತಿಲ್ಲ. ಹುಡುಗ ಕೆಟ್ಟವನಲ್ಲ, ಮುಂದೆ ಅವಳೇ ಅವನನ್ನು ಮೆಚ್ಚುತ್ತಾಳೆ. ಇನ್ನೊಂದು ಕಷ್ಟ ಇದೆ. ಮಾಂಗಾದಲ್ಲಿ ಜಪಾನಿಯನ್ನು ಮೇಲಿಂದ ಕೆಳಕ್ಕೆ ಬರೆಯುತ್ತಾರೆ, ಹಾಗಾಗಿ ಮಾತಿನ ಗುಳ್ಳೆ ಉದ್ದಕ್ಕೆ, ಸಪೂರಕ್ಕೆ ಇರುತ್ತದೆ. ಒಂದು ಸಾಲಿಗೆ ಮೂರ್ನಾಲ್ಕು ಅಕ್ಷರ ಹಿಡಿದರೆ ಜಾಸ್ತಿ.

ಮೈಸೂರಿನಿಂದ:

‘ವಿಟ’. ಎರಡೇ ಅಕ್ಷರ, ಹಳೆಯ ನಾಟಕಗಳಲ್ಲಿ ನೆಲೆ ಇರುವ ಪದ. ಅದು ಗಡುಸು ಅನ್ನಿಸಿದರೆ ‘ರಸಿಕ’ ಹಾಕಿ.

ಧಾರವಾಡದಿಂದ:

ಎರಡೂ ಬೇಡ. ವಿಟ ಅಂದರೆ ಸೂಳೆಗೇರಿಯ ವಾಸನೆ ಬರುತ್ತದೆ, ಹದಿನಾರರ ಹುಡುಗನಿಗೆ ಅನ್ನುವ ಮಾತೇ ಅದು? ರಸಿಕ ಸಂಗೀತ ಕೇಳಲಿ ಬಿಡಿ. ‘ಶೋಕಿ’ ಇರುವಾಗ ಬೇರೆ ಯಾಕೆ ಹುಡುಕುತ್ತೀರಿ? ಅವನು ಶೋಕಿಲಾಲ, ಅಷ್ಟೇ.

ಪುತ್ತೂರಿನಿಂದ:

ಶೋಕಿ ಅರಬ್ಬಿಯ ಶೌಕ್‌ನಿಂದ ಬಂದದ್ದು. ಪರಭಾಷೆಯ ಪದಕ್ಕೆ ಇನ್ನೊಂದು ಪರಭಾಷೆಯ ಪದ ಹಾಕುವುದಕ್ಕೆ ಅನುವಾದ ಯಾಕೆ ಬೇಕು? ನಮ್ಮಲ್ಲೇ ‘ಚೆಲ್ಲು’ ಇದೆ. ಚೆಲ್ಲು ಅಂದರೆ ಚೆದುರಿಸು. ಕಂಡಕಂಡಲ್ಲಿ ಮನಸ್ಸು ಚೆಲ್ಲುವವನು ‘ಚೆಲ್ಲ’. ಚೆಲ್ಲಾಟ, ಚೆಲ್ಲುತನ ಎಲ್ಲ ಬೆನ್ನಿಗಿವೆ. 13ನೇ ಶತಮಾನದಲ್ಲೇ ಆಂಡಯ್ಯ ಸಂಸ್ಕೃತದ ತತ್ಸಮ ಬಿಟ್ಟು ಕಾವ್ಯ ಬರೆದ. ಅದೂ ಮನ್ಮಥನ ಕತೆ. ಅಷ್ಟು ದೊಡ್ಡ ಕೆಲಸ ಅವನಿಂದ ಆಯಿತು, ನಮ್ಮಿಂದ ಒಂದು ಪದ ಆಗದೇ?

ಟೋಕಿಯೊದಿಂದ:

ಮೂಲ ಪದ ನೋಡಿ ಮುಂದೆ ಹೋಗೋಣ. ಜಪಾನಿಯಲ್ಲಿ ‘ಚರಚರ’ ಒಂದು ಅನುಕರಣ ಪದ. ಚಿಲ್ಲರೆ, ಕೀಲಿಕೈ ಥರದ ಸಣ್ಣ ಲೋಹದ ವಸ್ತುಗಳು ಒಂದಕ್ಕೊಂದು ತಾಗಿದ ಸದ್ದು. ಅಲ್ಲಿಂದ ಥಳಕಿನ ಉಡುಪು, ತೂಕವಿಲ್ಲದ ನಡತೆ ಎಂಬ ಅರ್ಥ ಬಂತು. ಅದರದ್ದೇ ಗುಣವಾಚಕ ‘ಚರಾಯ್’. ಬೈಗುಳ ಹೌದು, ಆದರೆ ಹಗುರ ಬೈಗುಳ. ‘ನಾಂಪಾ’ ಬೇರೆ, ಅದು ಗುರುತಿಲ್ಲದ ಹುಡುಗಿಯನ್ನು ಬೀದಿಯಲ್ಲಿ ತಡೆದು ಮಾತಿಗೆಳೆಯುವುದು. ಮೆಯ್ಜಿ ಕಾಲದ (1868–1912) ವಿದ್ಯಾರ್ಥಿಗಳಲ್ಲಿ ಹೆಣ್ಣಿನ ಸಹವಾಸ ಬಯಸುವವರು ‘ನಾಂಪಾ’, ಮೆತ್ತನೆ ಬಣ. ಹೆಣ್ಣೆಂದರೆ ಮೂಗು ಮುರಿಯುವವರು ‘ಕೋಹಾ’, ಗಟ್ಟಿ ಬಣ. ನಿಮ್ಮ ಹುಡುಗನ ನಾಂಪಾಕ್ಕೆ ‘ಕಾಳು ಹಾಕುವುದು’ ಸರಿಹೋಗುತ್ತದೆ. ಅದು ಅವನು ಮಾಡುವ ಕೆಲಸ. ನಾಯಕಿ ಹೇಳುತ್ತಿರುವುದು ಅವನ ಗುಣ.

ಅನೇಕ ಶಾಲೆಗಳಲ್ಲಿ ಕೂದಲಿಗೆ ಬಣ್ಣ ಹಚ್ಚುವುದು ನಿಯಮಕ್ಕೆ ವಿರುದ್ಧ. 2017ರಲ್ಲಿ ಒಸಾಕಾ ಪ್ರಾಂತ್ಯದ ಹುಡುಗಿಯೊಬ್ಬಳು, ಹುಟ್ಟಿನಿಂದ ಕಂದಾಗಿದ್ದ ತನ್ನ ಕೂದಲಿಗೆ ಕಪ್ಪು ಹಚ್ಚಿಕೋ ಎಂದು ಶಾಲೆಯಲ್ಲಿ ಒತ್ತಾಯ ಮಾಡಿದರೆಂದು ಕೋರ್ಟಿಗೇ ಹೋದಳು. ಅಂಥ ಕಡೆ ಕಂದು ತಲೆಯ ಹುಡುಗ ಕಂಡ ಕೂಡಲೇ ಓದುಗನಿಗೆ ಅವನು ಎಂಥವನು ಅಂತ ಗೊತ್ತಾಗುತ್ತದೆ. ಕನ್ನಡ ಓದುಗನಿಗೆ ಆ ಸುಳಿವು ಸಿಗುವುದಿಲ್ಲ, ಆ ಭಾರವನ್ನೂ ಪದವೇ ಹೊರಬೇಕು. ‘ಚೆಲ್ಲ’ ಹೊರಲಾರದು. ಅಂಥ ಮಾತನ್ನು ಯಾರೂ ಆಡಿದ್ದು ನಾನು ಕೇಳಿಲ್ಲ.

ಪುತ್ತೂರಿನಿಂದ:

ಬಳಸದೆ ಕೇಳಿಸುವುದು ಹೇಗೆ?

ಧಾರವಾಡದಿಂದ:

ಬಳಸುವವರು ಬಳಸಿದ ಮೇಲೆ ಕೇಳಿಸುತ್ತದೆ, ಹುಟ್ಟಿಸಿದ ದಿನ ಅಲ್ಲ. ‘ಚೆಲ್ಲುಚೆಲ್ಲಾಗಿ ಆಡಬೇಡ’ ಅಂತ ನಮ್ಮ ಕಡೆ ಬೈಸಿಕೊಳ್ಳುವವರು ಹುಡುಗಿಯರು. ಅದೇ ಬೈಗುಳವನ್ನು ತಂದು ಹುಡುಗನಿಗೆ ತೊಡಿಸಿದರೆ ಓದುವವರು ಎಡವುತ್ತಾರೆ. ಇನ್ನು ಆಂಡಯ್ಯ. ಅವನು ತತ್ಸಮ ಬಿಟ್ಟ ನಿಜ, ತದ್ಭವ ಬಿಟ್ಟನೇ? ಹೊರಗಿನ ಪದವನ್ನು ಕನ್ನಡದ ನಾಲಗೆಗೆ ಒಗ್ಗಿಸಿ ಇಟ್ಟುಕೊಂಡ. ಶೌಕ್ ಶೋಕಿಯಾದದ್ದೂ ಹಾಗೇ. ಅರ್ಜಿ, ಕಚೇರಿ, ಸಾಬೂನು ಇವನ್ನೆಲ್ಲ ಎಲ್ಲಿಗೆ ಕಳಿಸುತ್ತೀರಿ? ಆಟೋ ಹತ್ತುವಾಗ ‘ರಿಕ್ಷಾ’ ಅನ್ನುತ್ತೀರಲ್ಲ, ಅದು ಜಪಾನಿನ ‘ಜಿನ್‌ರಿಕಿಶಾ’. ಯಾರ ಕನ್ನಡವೂ ಅದರಿಂದ ಕೆಡಲಿಲ್ಲ.

ಪುತ್ತೂರಿನಿಂದ:

ವಸ್ತು ಬಂದಾಗ ಹೆಸರು ಬರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಹುಡುಗಿಯರ ಹಿಂದೆ ಸುತ್ತುವ ಹುಡುಗ ನಮಗೆ ಹೊಸ ವಸ್ತುವಲ್ಲ. ಇದ್ದ ಮಾತು ಬಿಟ್ಟು ಸಾಲ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಮೈಸೂರಿನಿಂದ:

‘ತಕರಾರು’ ಎಲ್ಲಿಯದು?

ಟೋಕಿಯೊದಿಂದ:

ನಮ್ಮ ಮೇಲ್ ಪಟ್ಟಿಯ ಹಳೆಯ ಜಗಳ ಇಲ್ಲಿ ಬೇಡ, ಅವರಿಗೆ ಪುಟ ಕಳಿಸಬೇಕಿದೆ. ಒಂದು ಮಾತು ಬಿಟ್ಟುಹೋಗಿತ್ತು. ಜಪಾನಿನಲ್ಲಿ ಪರಿಚಯ ಕಡಿಮೆ ಇದ್ದರೆ ಮನೆತನದ ಹೆಸರಿಗೆ ‘ಸಾನ್’ ಸೇರಿಸಿ ಕರೆಯುವುದೇ ವಾಡಿಕೆ. ಮೊದಲ ದಿನವೇ ಹುಡುಗಿಯ ಸ್ವಂತ ಹೆಸರಿಗೆ ‘ಚಾನ್’ ಹಚ್ಚಿದರೆ ಅದು ಭಾರಿ ಸಲುಗೆ. ನಮ್ಮ ಕಾಲೇಜುಗಳಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ, ನೀನು ತಾನು ಅಂತಲೇ ಮಾತು. ಹಾಗಾಗಿ ಆ ಸಲುಗೆ ಕನ್ನಡದಲ್ಲಿ ಕಾಣುವುದಿಲ್ಲ. ಅವನು ಅವಳ ಹೆಸರನ್ನು ಮೊಟಕು ಮಾಡಿ ಕರೆಯಲಿ. ಮನೆಯವರು ಮಾತ್ರ ಕರೆಯುವ ಹಾಗೆ. ಆಗ ಅವಳಿಗೆ ಸಿಟ್ಟು ಯಾಕೆ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಂಗಳೂರಿನಿಂದ:

ಎಲ್ಲರಿಗೂ ಧನ್ಯವಾದ. ಗುಳ್ಳೆಗೆ ‘ಬರೀ ಶೋಕಿ’ ಹಾಕಿದೆ. ಎರಡು ಸಾಲು, ಸಲೀಸಾಗಿ ಕೂತಿತು. ಮೂಲದ ಹಾಗೆ ‘ಅವನು’, ‘ನೀನು’ ಯಾವುದೂ ಬೇಕಾಗಲಿಲ್ಲ. ಗೆಳತಿಯರು ಅವನ ಬಗ್ಗೆ ಆಡಿಕೊಳ್ಳುವ ಕಡೆ ‘ಕಾಳು ಹಾಕ್ತಾನೆ’ ಬರುತ್ತದೆ. ಹೆಸರು ಮೊಟಕು ಮಾಡುವ ಉಪಾಯವೂ ಹಿಡಿಸಿತು. ಪುತ್ತೂರಿನವರ ‘ಚೆಲ್ಲಾಟ’ವನ್ನು ನಾಲ್ಕನೇ ಅಧ್ಯಾಯದಲ್ಲಿ ಅಜ್ಜಿಯ ಬಾಯಲ್ಲಿ ಇಟ್ಟಿದ್ದೇನೆ, ಅಲ್ಲಿ ಅದೇ ಸರಿ.

ಇನ್ನೊಂದು ಉಳಿದಿದೆ. ಅಲ್ಲಿಯ ಹೈಸ್ಕೂಲು ಮೂರು ವರ್ಷ, ಎರಡನೇ ವರ್ಷದವರಿಗೆ 16–17 ವಯಸ್ಸು. ‘ಹೈಸ್ಕೂಲ್ ಹುಡುಗ’ ಅಂದರೆ ನಮ್ಮವರು ಎಂಟನೇ ಕ್ಲಾಸಿನವನು ಅಂದುಕೊಳ್ಳುತ್ತಾರೆ. ‘ಪಿಯುಸಿ’ ಅಂದರೆ ಜಪಾನೇ ಮಾಯವಾಗುತ್ತದೆ. ರಾತ್ರಿ ಹತ್ತರೊಳಗೆ ಯಾರಾದರೂ ದಾರಿ ಹೇಳಿ.

ಧಾರವಾಡದಿಂದ:

‘ಹನ್ನೊಂದನೇ ಕ್ಲಾಸು’ ಅನ್ನಿ, ಮುಗಿಯಿತು.