ಬೇರೆಯವರ ಮಂಜೂರಾತಿ ಕಡತದ ನಕಲು ಸಿಗುತ್ತದಾ?

ಪ್ರಶ್ನೆ: ಸಕಲೇಶಪುರ ಕಡೆಯ ಬಗರ್ ಹುಕುಂ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ) ಜಮೀನು. ಪಕ್ಕದವರ ಮಂಜೂರಾತಿ ಕಡತ ಮಾಹಿತಿ ಹಕ್ಕಿನಲ್ಲಿ ಕೇಳಿದರೆ ‘ಮೂರನೇ ವ್ಯಕ್ತಿಯದು’ ಅಂತ ತಳ್ಳಬಹುದಾ?

ಉತ್ತರ 1: ಬರೀ ಆ ಮಾತು ಸಾಲದು. ಗೌಪ್ಯವೆಂದು ಕೊಟ್ಟ ಮಾಹಿತಿಯಾದರೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 11ರಂತೆ 5 ದಿನದೊಳಗೆ ಪಕ್ಕದವರಿಗೆ ನೋಟಿಸ್ ಹೋಗಬೇಕು, ಆಕ್ಷೇಪಣೆಗೆ 10 ದಿನ. ಆಕ್ಷೇಪಿಸಿದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ, ತೀರ್ಮಾನ ಅಧಿಕಾರಿಯದು. ಆಧಾರ್, ಬ್ಯಾಂಕ್ ವಿವರ ಮುಚ್ಚಿ ಉಳಿದದ್ದು ಕೊಡಿ ಎಂದು ಕಲಂ 10 ನಮೂದಿಸಿ ಕೇಳಿ.

ಉತ್ತರ 2: ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಬರವಣಿಗೆಯಲ್ಲೇ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಯಾಕೆ ಮಂಜೂರು ಮಾಡಿದಿರಿ’ ಅನ್ನಬೇಡಿ. ಸರ್ವೆ ನಂಬರ್ ಹಾಕಿ ‘ಸಮಿತಿ ನಡಾವಳಿ, ಮಹಜರು, ನಕ್ಷೆಯ ದೃಢೀಕೃತ ನಕಲು’ ಅನ್ನಿ. ಶುಲ್ಕ 10 ರೂಪಾಯಿ.

ಉತ್ತರ 3: ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ.