ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಮರೆತಿದೆ: ಕಡತಗಳು ಹೋಗದಂತೆ ದಾರಿಯಿದೆಯೇ?

ಪ್ರಶ್ನೆ

ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ. ಅದನ್ನು ಮೊದಲು ಸಜ್ಜುಗೊಳಿಸಿದಾಗ, ಭದ್ರತೆಯ ಬಗ್ಗೆ ಎಲ್ಲಿಲ್ಲದ ಉತ್ಸಾಹವಿದ್ದುದರಿಂದ, ಅಡ್ಮಿನಿಸ್ಟ್ರೇಟರ್ ಖಾತೆಯನ್ನು ಬೇರೆಯಾಗಿಯೂ ದಿನನಿತ್ಯದ ಕೆಲಸಕ್ಕೆ ಸಾಮಾನ್ಯ ಖಾತೆಯನ್ನು ಬೇರೆಯಾಗಿಯೂ ಮಾಡಿಕೊಂಡೆ. ಎರಡೂ ಲೋಕಲ್ ಖಾತೆಗಳು; ಯಾವುದನ್ನೂ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಲ್ಲ. ಸಾಮಾನ್ಯ ಖಾತೆಗೆ ಇಂದಿಗೂ ತೊಂದರೆಯಿಲ್ಲದೆ ಹೋಗುತ್ತಿದ್ದೇನೆ, ನನ್ನ ಕಡತಗಳೆಲ್ಲ ಇರುವುದೂ ಅಲ್ಲಿಯೇ. ಆದರೆ ನಿನ್ನೆ ಪ್ರಿಂಟರ್ ಡ್ರೈವರ್ ಹಾಕಹೊರಟಾಗ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳಿತು. ಅದು ಕಿಂಚಿತ್ತೂ ನೆನಪಿಗೆ ಬರುತ್ತಿಲ್ಲ. ಹಳೆಯ ಪಾಸ್‌ವರ್ಡನ್ನು ಯಂತ್ರದೊಳಗಿಂದಲೇ ಓದಿ ತೆಗೆಯಲು ಸಾಧ್ಯವೇ?

ಉತ್ತರ 1

ಓದಿ ತೆಗೆಯಲು ಬರುವುದಿಲ್ಲ, ಏಕೆಂದರೆ ಪಾಸ್‌ವರ್ಡ್ ಅಲ್ಲಿ ಅಕ್ಷರರೂಪದಲ್ಲಿ ಇಲ್ಲವೇ ಇಲ್ಲ. ವಿಂಡೋಸ್ ತನ್ನ ಸ್ಯಾಮ್ ಎಂಬ ಕಡತದಲ್ಲಿ ಇಟ್ಟುಕೊಳ್ಳುವುದು ಪಾಸ್‌ವರ್ಡಿನಿಂದ ಲೆಕ್ಕಹಾಕಿದ ಹ್ಯಾಶ್ ಮೌಲ್ಯವನ್ನು ಮಾತ್ರ. ನೀವು ಟೈಪ್ ಮಾಡಿದ್ದಕ್ಕೆ ಮತ್ತೊಮ್ಮೆ ಅದೇ ಲೆಕ್ಕ ಮಾಡಿ ಎರಡೂ ಹೊಂದುತ್ತವೆಯೇ ಎಂದು ನೋಡುತ್ತದೆಯೇ ಹೊರತು, ಹ್ಯಾಶ್‌ನಿಂದ ಹಿಂದಕ್ಕೆ ನಡೆದು ಮೂಲವನ್ನು ಪಡೆಯುವ ದಾರಿಯಿಲ್ಲ. ಹಾಗಾಗಿ ನಿಮ್ಮ ಮುಂದಿರುವ ಕೆಲಸ ಹಳೆಯದನ್ನು ಹುಡುಕುವುದಲ್ಲ, ಹೊಸದನ್ನು ಇಡುವುದು.

ಡ್ರೈವರ್ ಹಾಕುವಾಗ ಮೂಡುವ ಪೆಟ್ಟಿಗೆಯಲ್ಲಿ ಗುದ್ದಾಡುವುದನ್ನು ಬಿಟ್ಟು ಸೈನ್ ಔಟ್ ಮಾಡಿ, ಸೈನ್ ಇನ್ ಪರದೆಯಲ್ಲಿ ಅಡ್ಮಿನಿಸ್ಟ್ರೇಟರ್ ಖಾತೆಯನ್ನು ಆರಿಸಿ. ಅಲ್ಲಿ ಒಮ್ಮೆ ತಪ್ಪು ಪಾಸ್‌ವರ್ಡ್ ಕೊಟ್ಟರೆ, ಖಾತೆ ತೆರೆದಾಗ ನೀವೇ ಬರೆದಿಟ್ಟ ಸುಳಿವು ಕಾಣಿಸುತ್ತದೆ. ಜೊತೆಗೆ ಪಾಸ್‌ವರ್ಡ್ ರೀಸೆಟ್ ಮಾಡುವ ಕೊಂಡಿಯೂ ಬರುತ್ತದೆ. 2018ರ 1803 ಆವೃತ್ತಿಯಿಂದ ಈಚೆಗೆ ಲೋಕಲ್ ಖಾತೆ ತೆರೆದಿದ್ದರೆ ಮೂರು ಭದ್ರತಾ ಪ್ರಶ್ನೆಗಳಿಗೆ ಉತ್ತರ ಕೊಟ್ಟಿರುತ್ತೀರಿ, ಅವೇ ಮೂರನ್ನು ಈಗ ಕೇಳುತ್ತದೆ. ಎಂದಾದರೂ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಮಾಡಿಟ್ಟ ನೆನಪಿದ್ದರೆ ಆ ಪೆನ್‌ಡ್ರೈವನ್ನೂ ಹುಡುಕಿ. ಅದಾದ ಮೇಲೆ ಪಾಸ್‌ವರ್ಡನ್ನು ಎಷ್ಟು ಸಲ ಬದಲಿಸಿದ್ದರೂ ಅದು ಕೆಲಸ ಮಾಡುತ್ತದೆ.

ಕ್ಷುಲ್ಲಕವೆನಿಸಿದರೂ ಇನ್ನೊಂದು ಮಾತು: ಪಾಸ್‌ವರ್ಡ್ ಪೆಟ್ಟಿಗೆಯ ಪಕ್ಕದ ಕಣ್ಣಿನ ಚಿಹ್ನೆಯನ್ನು ಒತ್ತಿ ಹಿಡಿದು, ನೀವು ಒತ್ತಿದ ಅಕ್ಷರಗಳೇ ಮೂಡುತ್ತಿವೆಯೇ ನೋಡಿ. ಎರಡು ಭಾಷೆಯ ಕೀಲಿಮಣೆ ಹಾಕಿಕೊಂಡವರಿಗೆ ಸೈನ್ ಇನ್ ಪರದೆಯಲ್ಲಿ ಬೇರೆಯದೇ ವಿನ್ಯಾಸ ಸಕ್ರಿಯವಾಗಿರುವುದುಂಟು. ನಾನು ಒಂದು ಸಂಜೆಯನ್ನೇ ಹೀಗೆ ಕಳೆದವನು.

ಉತ್ತರ 2

ಏನನ್ನು ಮುಟ್ಟುವ ಮೊದಲೂ ಸಾಮಾನ್ಯ ಖಾತೆಯಲ್ಲಿರುವ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿಕೊಳ್ಳಿ. ಅದಕ್ಕೆ ಅಡ್ಮಿನಿಸ್ಟ್ರೇಟರ್ ಹಕ್ಕು ಬೇಕಿಲ್ಲ. ಆಮೇಲೆ ಸಿ ಡ್ರೈವಿನ ಚಿತ್ರದ ಮೇಲೆ ಬೀಗದ ಗುರುತು ಇದೆಯೇ ನೋಡಿ. ಇದ್ದರೆ ಇಡೀ ಡಿಸ್ಕನ್ನು ಗೂಢಲಿಪೀಕರಿಸುವ ಬಿಟ್‌ಲಾಕರ್ ಚಾಲ್ತಿಯಲ್ಲಿದೆ ಎಂದರ್ಥ, ಮತ್ತು ಹೊರಗಿನ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ ಆ ಡಿಸ್ಕನ್ನು ಓದಲು 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು.

ಪಾಸ್‌ವರ್ಡ್ ತೆಗೆದುಕೊಡುತ್ತೇವೆಂದು ಹಣ ಕೇಳುವ ತಂತ್ರಾಂಶಗಳಲ್ಲಿ ಹೆಚ್ಚಿನವು ಮಾಡುವುದು ಸ್ಯಾಮ್ ಕಡತದಲ್ಲಿನ ಹ್ಯಾಶನ್ನು ಅಳಿಸಿ ಖಾಲಿ ಮಾಡುವುದಷ್ಟೇ. ಹೀಗೆ ಬಲವಂತವಾಗಿ ಬದಲಿಸಿದಾಗ, ಆ ಖಾತೆಯಲ್ಲಿ ವಿಂಡೋಸ್‌ನ ಇಎಫ್‌ಎಸ್ ಮೂಲಕ ಗೂಢಲಿಪೀಕರಿಸಿದ ಕಡತಗಳೂ ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳೂ ಕೈತಪ್ಪಬಹುದು, ಏಕೆಂದರೆ ಅವುಗಳ ಬೀಗದ ಕೀ ಹಳೆಯ ಪಾಸ್‌ವರ್ಡಿಗೇ ಗಂಟುಬಿದ್ದಿರುತ್ತದೆ. ನಿಮ್ಮ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಅಂಥದ್ದೇನೂ ಇಲ್ಲದಿರುವುದು ನಿಮ್ಮ ಅದೃಷ್ಟ. ಆದರೂ ಎಲ್ಲಿಂದಲೋ ಇಳಿಸಿಕೊಂಡ ಉಪಕರಣಕ್ಕೆ ಇಡೀ ಡಿಸ್ಕನ್ನು ಒಪ್ಪಿಸುವುದು ನನಗೆ ಸರಿಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬೀಗದ ಗುರುತಿಲ್ಲ, ನಕಲು ಮಾಡಿಕೊಂಡಿದ್ದೇನೆ. ಸುಳಿವಿನ ಜಾಗದಲ್ಲಿ ನಾನು ಬರೆದಿದ್ದದ್ದು «ಎಂದಿನದೇ» ಎಂದು! ಭದ್ರತಾ ಪ್ರಶ್ನೆಗಳಲ್ಲಿ ಹುಟ್ಟಿದ ಊರು, ಮೊದಲ ಶಾಲೆ ಎರಡಕ್ಕೂ ಉತ್ತರ ಗೊತ್ತು. ಮೂರನೆಯದು ಮೊದಲ ಸಾಕುಪ್ರಾಣಿಯ ಹೆಸರು. ನಾನು ಯಾವ ಪ್ರಾಣಿಯನ್ನೂ ಸಾಕಿದವನಲ್ಲ. ಅಂದು ಬಾಯಿಗೆ ಬಂದ ಯಾವುದೋ ಹೆಸರು ಹಾಕಿರಬೇಕು. ಹತ್ತಾರು ಹೆಸರು ಹಾಕಿ ನೋಡಿದೆ, ಒಂದೂ ಹೊಂದಲಿಲ್ಲ.

ಉತ್ತರ 3

ಹಾಗಿದ್ದರೆ ಹೊಸದಾಗಿ ವಿಂಡೋಸ್ ಅಳವಡಿಸುವುದೇ ನೇರವಾದ ದಾರಿ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ, ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವಿನಲ್ಲಿ ಅಳವಡಿಕೆಯ ಮಾಧ್ಯಮವನ್ನು ತಯಾರಿಸಿ. ಆ ಟೂಲ್ ಕೂಡ ಅಡ್ಮಿನಿಸ್ಟ್ರೇಟರ್ ಹಕ್ಕನ್ನು ಕೇಳುವುದರಿಂದ ಬೇರೊಂದು ಕಂಪ್ಯೂಟರ್ ಬೇಕಾಗುತ್ತದೆ. ಈಗಿರುವ ವಿಂಡೋಸ್ ಡಿಜಿಟಲ್ ಲೈಸೆನ್ಸ್‌ನಿಂದ ಸಕ್ರಿಯವಾಗಿದ್ದಲ್ಲಿ, ಅದು ಯಂತ್ರದ ಹಾರ್ಡ್‌ವೇರಿಗೇ ಜೋಡಿಕೊಂಡಿರುವುದರಿಂದ, ಅದೇ ಎಡಿಷನ್ ಹಾಕಿದರೆ ಪ್ರಾಡಕ್ಟ್ ಕೀ ಕೇಳಿದಾಗ ಕೊಡದೆ ಮುಂದುವರಿಯಬಹುದು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಎಲ್ಲವನ್ನೂ ಅಳಿಸುವ ಮೊದಲು ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಅರ್ಹವೇ, ಅಂದರೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಇದೆಯೇ, ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ನಕಲು ಮಾಡಿದ ಡಿಸ್ಕನ್ನು ಅದೇ ಬೇರೆ ಕಂಪ್ಯೂಟರಿಗೆ ಚುಚ್ಚಿ ನಾಲ್ಕಾರು ಕಡತಗಳನ್ನು ನಿಜವಾಗಿ ತೆರೆದು ನೋಡಿ, ಆಮೇಲೆ ಅಳವಡಿಕೆ ಶುರುಮಾಡಿ. ಮತ್ತೆ ಲೋಕಲ್ ಖಾತೆಯನ್ನೇ ಇಟ್ಟುಕೊಳ್ಳುವುದಾದರೆ ಮೊದಲ ದಿನವೇ ರೀಸೆಟ್ ಡಿಸ್ಕ್ ಮಾಡಿಡಿ. ಅದು ಯಾರ ಕೈಗೆ ಸಿಕ್ಕರೂ ಆ ಖಾತೆ ತೆರೆದುಕೊಳ್ಳುತ್ತದೆ, ಆದ್ದರಿಂದ ಲ್ಯಾಪ್‌ಟಾಪ್ ಚೀಲದಲ್ಲಿ ಮಾತ್ರ ಇಡಬೇಡಿ.